ದೂರವಿದ್ದೂ ಒಂದಾಗಿ

ಒಂದೇ ಸೂರಿನಡಿ ಇಲ್ಲದವರನ್ನು ಒಂದಾಗಿ ನಡೆಸುವುದು ಹೇಗೆ? ಉಕ್ರೇನಿನ ಡಿಮಿಟ್ರಿ ಜಾಪೊರೊಜೆಟ್ಸ್ ಮತ್ತು ನೆದರ್‌ಲೆಂಡ್ಸಿನ ಸಿಡ್ ಸೀಬ್ರಾಂಡಿ 2014ರಲ್ಲಿ ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಸಂಸ್ಥೆಯನ್ನು ಕಟ್ಟಿದಾಗ ಈ ಪ್ರಶ್ನೆ ಎದುರಾಯಿತು. ಸಿಬ್ಬಂದಿ ನಾನಾ ದೇಶಗಳಲ್ಲಿ ಮನೆಯಿಂದಲೇ ದುಡಿಯುತ್ತಿದ್ದರು. ಒಬ್ಬರಿಗೆ ಹಗಲಾದರೆ ಮತ್ತೊಬ್ಬರಿಗೆ ಇರುಳು. ಆದುದರಿಂದ ಕೆಲಸದ ರೀತಿನೀತಿಗಳನ್ನೆಲ್ಲ ಕೈಪಿಡಿಯಲ್ಲಿ ಬರೆದಿಡುವ ಪದ್ಧತಿ ಬೆಳೆಯಿತು.

2017ರ ಜನವರಿ 31ರಂದು ಸಿಬ್ಬಂದಿಯೊಬ್ಬರ ಕೈತಪ್ಪಿನಿಂದ ಮುಖ್ಯ ದತ್ತಾಂಶ ಅಳಿಸಿಹೋಯಿತು. ಕಾಪಾಡಬೇಕಾಗಿದ್ದ ಪ್ರತಿಗಳೂ ಕೈಕೊಟ್ಟವು; ಸುಮಾರು ಆರು ಗಂಟೆಗಳ ಮಾಹಿತಿ ನಷ್ಟವಾಯಿತು. ಸಂಸ್ಥೆ ಅದನ್ನು ಮರೆಮಾಚದೆ ಲೋಕಕ್ಕೆ ತಿಳಿಸಿತು. ವ್ಯಕ್ತಿಯನ್ನು ನಿಂದಿಸದೆ ಕಾರಣವನ್ನು ಹುಡುಕಿತು. ಪ್ರತಿಗಳನ್ನು ಪರೀಕ್ಷಿಸುವ ಹೊಣೆ ಯಾರದೂ ಆಗಿರಲಿಲ್ಲ!

ಎಲ್ಲರದೂ ಆದ ಕೆಲಸ ಯಾರದೂ ಆಗದು. ದೂರದಲ್ಲಿರುವವರಿಗೆ ಹೊಣೆಯನ್ನು ಹೆಸರಿಟ್ಟು ಹಂಚಬೇಕು. ತಪ್ಪನ್ನು ಒಪ್ಪಿಕೊಳ್ಳುವ ಧೈರ್ಯವನ್ನೂ ನೀಡಬೇಕು.