ಮೊದಲು ಟೈರು, ಆಮೇಲೆ ಎಂಜಿನ್

ಪ್ರಥಮ ಪಿಯುಸಿಯಲ್ಲಿ ‘ಚಲನೆಯ ನಿಯಮಗಳು’ ಅಧ್ಯಾಯ ಮುಗಿಯುವ ಹೊತ್ತಿಗೆ ಪ್ರತಿ ವರ್ಷ ಒಬ್ಬಿಬ್ಬರಾದರೂ ‘ಗ್ರಾನ್ ಟುರಿಸ್ಮೊ’ ಆಟದ ಮಾತು ತೆಗೆಯುತ್ತಾರೆ. ಈ ಬಾರಿ ಬಂದ ಪ್ರಶ್ನೆ ಹೀಗಿತ್ತು: “ಸರ್, ಇದ್ದ ಕ್ರೆಡಿಟ್ ಎಲ್ಲ ಸುರಿದು ಕಾರಿಗೆ ಟರ್ಬೊ ಹಾಕಿಸಿದೆ. ನೇರ ರಸ್ತೆಯಲ್ಲಿ ಯಾರೂ ನನ್ನನ್ನು ಹಿಡಿಯಲಾರರು. ತಿರುವು ಬಂದರೆ ಮಾತ್ರ ಮರಳಿಗೆ ಹೋಗಿ ಬೀಳುತ್ತೇನೆ. ಯಾಕೆ?” ಪ್ರಶ್ನೆ ಆಟದ್ದು, ಉತ್ತರ ನಮ್ಮ ಪಠ್ಯಪುಸ್ತಕದ್ದು. ತರಗತಿಯಲ್ಲಿ ಗಂಟೆ ಹೊಡೆದುಬಿಟ್ಟಿತು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಆಟ ಆಡದವರಿಗಾಗಿ ಎರಡು ಮಾತು. ಜಪಾನಿನ ಕಝುನೋರಿ ಯಮೌಚಿ ಮತ್ತು ಅವರ ತಂಡ 1997ರಲ್ಲಿ ಪ್ಲೇಸ್ಟೇಷನ್‌ಗಾಗಿ ಈ ಆಟವನ್ನು ಹೊರತಂದರು. ಏಳನೆಯ ಆವೃತ್ತಿ 2022ರಲ್ಲಿ ಬಂತು. ಕೈಯಲ್ಲಿರುವ ಸ್ವಲ್ಪ ಕ್ರೆಡಿಟ್‌ನಿಂದ ಒಂದು ಸಾದಾ ಕಾರು ಕೊಳ್ಳಬೇಕು, ರೇಸ್ ಗೆದ್ದು ಕ್ರೆಡಿಟ್ ಗಳಿಸಬೇಕು, ಗಳಿಸಿದ್ದರಲ್ಲಿ ಕಾರಿನ ಭಾಗಗಳನ್ನು ಬದಲಿಸಬೇಕು. ಏಳನೆಯ ಆವೃತ್ತಿಯಲ್ಲಿ ಮೊದಲಿಗೆ ಸಿಗುವ ಕಾರುಗಳಲ್ಲಿ ಹೋಂಡಾ ಫಿಟ್ ಒಂದು. ನಮ್ಮಲ್ಲಿ ಜಾಝ್ ಎಂಬ ಹೆಸರಿನಲ್ಲಿ ಓಡಾಡಿದ್ದು ಅದೇ. ದೊಡ್ಡ ರೇಸುಗಳಿಗೆ ಮೊದಲು ಲೈಸೆನ್ಸ್ ಪರೀಕ್ಷೆಯೂ ಉಂಟು. ಅದರ ಮೊದಲ ಪಾಠವೇ ಹೊರಟ ಕಾರನ್ನು ಹೇಳಿದ ಜಾಗದಲ್ಲಿ ನಿಲ್ಲಿಸುವುದು. ಸ್ಪೇನಿನ ಲುಕಾಸ್ ಒರ್ಡೊನ್ಯೆಸ್ 2008ರಲ್ಲಿ ಈ ಆಟದ ಸ್ಪರ್ಧೆ ಗೆದ್ದು ನಿಜವಾದ ರೇಸಿಗೆ ಇಳಿದ. 2011ರಲ್ಲಿ ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ರೇಸಿನಲ್ಲಿ ಅವನ ತಂಡ ತನ್ನ ವಿಭಾಗದಲ್ಲಿ ಎರಡನೆಯದಾಯಿತು. ಆಟದೊಳಗಿನ ಭೌತಶಾಸ್ತ್ರ ಬರೀ ಬೊಗಳೆಯಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಈಗ ತಿರುವಿಗೆ ಬನ್ನಿ. ಸಮತಟ್ಟಾದ ರಸ್ತೆಯಲ್ಲಿ ಕಾರು ತಿರುಗಲು ಕೇಂದ್ರಾಭಿಮುಖ ಬಲ ಬೇಕು. ಅದನ್ನು ಕೊಡುವುದು ಎಂಜಿನ್ ಅಲ್ಲ, ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ. ಸೂತ್ರ ನಿಮಗೆ ಗೊತ್ತೇ ಇದೆ: ಗರಿಷ್ಠ ವೇಗದ ವರ್ಗ = ಮ್ಯೂ × ಜಿ × ತ್ರಿಜ್ಯ. 50 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಳ್ಳಿ. ಘರ್ಷಣಾ ಗುಣಾಂಕ 0.8 ಇದ್ದರೆ ಗರಿಷ್ಠ ವೇಗ ಸೆಕೆಂಡಿಗೆ 19.8 ಮೀಟರ್, ಅಂದರೆ ಗಂಟೆಗೆ ಸುಮಾರು 71 ಕಿ.ಮೀ. ಒಳ್ಳೆಯ ಟೈರು ಹಾಕಿ ಗುಣಾಂಕ 1.0 ಆದರೆ ಸುಮಾರು 80 ಕಿ.ಮೀ. 1.2 ಆದರೆ 87 ಕಿ.ಮೀ. ಈ ಸೂತ್ರದಲ್ಲಿ ಅಶ್ವಶಕ್ತಿ ಎಲ್ಲಿದೆ? ಹುಡುಕಿದರೂ ಸಿಗದು. ಟರ್ಬೊ ಹಾಕಿಸಿದ ಹುಡುಗ ಮಾಡಿದ್ದು ಏನೆಂದರೆ, ತಿರುವಿನ ಬಾಯಿಗೆ ಮೊದಲಿಗಿಂತ ಹೆಚ್ಚು ವೇಗದಲ್ಲಿ ಬಂದ. ತಿರುವು ತಾಳುವ ವೇಗ ಮಾತ್ರ ಇದ್ದಲ್ಲೇ ಇತ್ತು.

ಬ್ರೇಕಿನ ಲೆಕ್ಕವೂ ಇದೇ ದಾರಿಯದು. ನಿಲ್ಲಲು ಬೇಕಾದ ದೂರ = ವೇಗದ ವರ್ಗ ÷ (2 × ಮ್ಯೂ × ಜಿ). ಗಂಟೆಗೆ 144 ಕಿ.ಮೀ. ಓಡುವ ಕಾರಿಗೆ 0.8ರ ಟೈರಿನಲ್ಲಿ 102 ಮೀಟರ್ ಬೇಕು, 1.2ರ ಟೈರಿನಲ್ಲಿ 68 ಮೀಟರ್ ಸಾಕು. ದುಬಾರಿ ಬ್ರೇಕ್ ಕೊಂಡರೂ ಟೈರು ಹಳೆಯದೇ ಆದರೆ ಈ ದೂರ ಹೆಚ್ಚೇನೂ ಕಡಿಮೆಯಾಗದು. ಚಕ್ರವನ್ನು ಹಿಡಿಯುವುದು ಬ್ರೇಕ್, ಕಾರನ್ನು ಹಿಡಿಯುವುದು ರಸ್ತೆ.

ಇನ್ನೊಂದು ಗುಟ್ಟು ಇದೆ, ನನಗೆ ಬಹಳ ಇಷ್ಟವಾದದ್ದು. ಟೈರಿನ ಹಿಡಿತ ತಿಂಗಳ ಸಂಬಳ ಇದ್ದ ಹಾಗೆ. ಬ್ರೇಕಿಗೆ ಒಂದು, ತಿರುವಿಗೆ ಒಂದು ಎಂದು ಎರಡು ಸಂಬಳ ಇಲ್ಲ. ಆದರೆ ಲೆಕ್ಕ ಸಾದಾ ಕೂಡಿಸುವಿಕೆಯದಲ್ಲ, ವೆಕ್ಟರ್‌ನದು. ಒಟ್ಟು ಹಿಡಿತದಲ್ಲಿ 60 ಶೇಕಡಾ ಬ್ರೇಕಿಗೆ ಹೋದರೆ ತಿರುವಿಗೆ ಉಳಿಯುವುದು 40 ಅಲ್ಲ, 80 ಶೇಕಡಾ. ಪೈಥಾಗೊರಸ್ ನೆನಪಿಸಿಕೊಳ್ಳಿ. ಬ್ರೇಕಿಗೆ ಪೂರ್ತಿ 100 ಕೊಟ್ಟರೆ ಮಾತ್ರ ತಿರುವಿಗೆ ಸೊನ್ನೆ. ಪೆಡಲನ್ನು ಪೂರ್ತಿ ತುಳಿದು ಸ್ಟಿಯರಿಂಗ್ ತಿರುಗಿಸಿದರೆ ಕಾರು ನೇರವಾಗಿಯೇ ಹೋಗುವುದು ಇದರಿಂದಲೇ. ಚೆನ್ನಾಗಿ ಆಡುವವರು ನೇರ ರಸ್ತೆಯಲ್ಲೇ ಬ್ರೇಕ್ ಹಿಡಿದು, ತಿರುವಿಗೆ ಇಳಿಯುತ್ತ ಪೆಡಲನ್ನು ನಿಧಾನಕ್ಕೆ ಬಿಡುತ್ತಾರೆ.

ಹಾಗಾದರೆ ಎಂಜಿನ್ ದಂಡವೇ? ಅಲ್ಲ. ಆದರೆ ಅದು ಕೊಡುವ ಲಾಭ ನೀವು ಎಣಿಸಿದಷ್ಟಿಲ್ಲ. ಹೆಚ್ಚು ವೇಗದಲ್ಲಿ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ, ಅದನ್ನು ಮೀರಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ತಕ್ಕಂತೆ. ಸಾಮರ್ಥ್ಯ ದುಪ್ಪಟ್ಟಾದರೆ ಗರಿಷ್ಠ ವೇಗ ಹೆಚ್ಚುವುದು 2ರ ಘನಮೂಲದಷ್ಟು, ಅಂದರೆ ಸುಮಾರು 26 ಶೇಕಡಾ. 160 ಕಿ.ಮೀ. ಓಡುತ್ತಿದ್ದ ಕಾರು 200ರ ಆಸುಪಾಸಿಗೆ ಬರುತ್ತದೆ, ಅಷ್ಟೇ.

ಇಷ್ಟು ಹೇಳಿದಾಗ, ಆಟವನ್ನು ಒಮ್ಮೆಯೂ ಆಡದ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ ಆ ದಿನದ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ: “ಸೂತ್ರದಲ್ಲಿ ದ್ರವ್ಯರಾಶಿಯೂ ಇಲ್ಲವಲ್ಲ ಸರ್. ಮತ್ತೆ ಕಾರಿನ ತೂಕ ಇಳಿಸಿದರೆ ತಿರುವಿನಲ್ಲಿ ಲಾಭ ಆಗುತ್ತದೆ ಅಂತ ಇವರೆಲ್ಲ ಹೇಳ್ತಾರಲ್ಲ?” ಎರಡೂ ನಿಜ. ಪಠ್ಯಪುಸ್ತಕ ಗುಣಾಂಕವನ್ನು ಸ್ಥಿರ ಎಂದು ಹಿಡಿಯುತ್ತದೆ. ರಬ್ಬರಿನ ಟೈರು ಹಾಗಲ್ಲ; ಮೇಲಿನ ಭಾರ ಹೆಚ್ಚಿದಂತೆ ಅದರ ಗುಣಾಂಕ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಭಾರ ದುಪ್ಪಟ್ಟಾದರೆ ಹಿಡಿತವೂ ಹೆಚ್ಚುತ್ತದೆ, ಆದರೆ ದುಪ್ಪಟ್ಟಾಗುವುದಿಲ್ಲ. ಹಗುರ ಕಾರಿನ ಟೈರಿಗೆ ಭಾರ ಕಡಿಮೆ, ಆದ್ದರಿಂದ ಗುಣಾಂಕ ತುಸು ಮೇಲೆ. ತಿರುವಿನಲ್ಲಿ ಭಾರ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಸರಿಯುತ್ತದೆ. ಹೊರಗಿನವು ಕಳೆದುಕೊಳ್ಳುವಷ್ಟನ್ನು ಒಳಗಿನವು ತುಂಬಿಕೊಡಲಾರವು. ಸಸ್ಪೆನ್ಷನ್ ತಗ್ಗಿಸುವುದು ಇದಕ್ಕೇ: ಗುರುತ್ವ ಕೇಂದ್ರ ಕೆಳಗಿಳಿದರೆ ಸರಿಯುವ ಭಾರ ಕಡಿಮೆ. ತೂಕ ಇಳಿದರೆ ವೇಗೋತ್ಕರ್ಷವೂ ಹೆಚ್ಚುತ್ತದೆ, ಎಂಜಿನ್ ಮುಟ್ಟದೆಯೇ.

ಹೀಗಾಗಿ ನನ್ನ ಸಲಹೆ ಮೊದಲು ಟೈರು, ನಂತರ ತೂಕ ಮತ್ತು ಸಸ್ಪೆನ್ಷನ್, ಕೊನೆಗೆ ಎಂಜಿನ್. ಕ್ರೆಡಿಟ್ ಸಾಲದಿದ್ದಾಗ ನಿಜವಾದ ಹಣ ಕೊಟ್ಟು ಕೊಳ್ಳುವ ಬಾಗಿಲನ್ನೂ ಆಟ ತೆರೆದಿಟ್ಟಿದೆ. ಗಲ್ಫಿನ ಬಿಸಿಲಲ್ಲಿ ದುಡಿಯುವ ಅಪ್ಪನ ಹಣ ಅದಕ್ಕೆ ಹೋಗುವುದು ಬೇಡ. ಇಸ್ರಾಫ್ ಎಂದರೇನೆಂದು ದೀನಿಯಾತ್ ತರಗತಿಯಲ್ಲಿ ನಿಮಗೆ ಹೇಳಿಕೊಟ್ಟಿದ್ದಾರೆ.

ಕಾಲೇಜಿಗೆ ಅಣ್ಣನ ಬೈಕ್ ತರುವವರು ಇದೇ ಸೂತ್ರಕ್ಕೆ 0.4 ಹಾಕಿ ನೋಡಿ. ಮಳೆಯಲ್ಲಿ ನೆನೆದ ರಸ್ತೆ, ಸವೆದ ಟೈರು ಇದ್ದರೆ ಗುಣಾಂಕ ಅಲ್ಲಿಗೆ ಇಳಿಯಬಹುದು. ಅದೇ 50 ಮೀಟರ್ ತಿರುವಿನಲ್ಲಿ ಮಿತಿ ಗಂಟೆಗೆ 50 ಕಿ.ಮೀ. ಅಲ್ಲಿ ಜಾರಿದವನಿಗೆ ಮತ್ತೆ ಶುರು ಮಾಡುವ ಬಟನ್ ಇಲ್ಲ. ಆಟದಲ್ಲಿ ಮಾಡಿದ ಹಾಗೆ ಬೈಕನ್ನು ಬದಲಿಸಲು ಕಾನೂನೂ ಬಿಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿ. ಗೇರ್ ಇರುವ ಬೈಕಿಗೆ 18 ತುಂಬಿರಬೇಕು. ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ಎರಡು ಲೆಕ್ಕ ಕೊಡುತ್ತೇನೆ. ಒಂದು: ತ್ರಿಜ್ಯ 50 ಮೀಟರ್, ಗುಣಾಂಕ 1.0. ಚಾಲಕ ಹಿಡಿತದ 60 ಶೇಕಡಾವನ್ನು ಬ್ರೇಕಿಗೆ ಬಳಸುತ್ತಿದ್ದರೆ ಆ ಕ್ಷಣ ತಿರುವಿನಲ್ಲಿ ಅವನ ಗರಿಷ್ಠ ವೇಗ ಎಷ್ಟು? ಎರಡು: ಬೈಕಿನ ಹಿಂದೆ ಗೆಳೆಯ ಕೂತರೆ ನಿಲ್ಲುವ ದೂರ ಪಠ್ಯಪುಸ್ತಕದ ಪ್ರಕಾರ ಬದಲಾಗುತ್ತದೆಯೇ, ನಿಜವಾದ ಟೈರಿನ ಪ್ರಕಾರ ಬದಲಾಗುತ್ತದೆಯೇ? ಕಾರಣ ಬರೆಯಿರಿ. ಗುರುವಾರ ಸಂಜೆಯೊಳಗೆ ಲ್ಯಾಬಿನಲ್ಲಿ ಕೊಡಿ. ಮೊದಲ ಲೆಕ್ಕಕ್ಕೆ ಲಾಗ್ ಟೇಬಲ್ ಸಾಕು, ಮೊಬೈಲ್ ಬೇಡ.