ರೋಮನ್ ನಾಣ್ಯವನ್ನು ಓದುವುದು ಹೀಗೆ

ರೋಮನ್ ನಾಣ್ಯ ಎಂದರೆ ಮ್ಯೂಸಿಯಂನ ಗಾಜಿನ ಹಿಂದಿರುವ ಚಿನ್ನ ಎಂದುಕೊಂಡು ಹಲವರು ಈ ಹವ್ಯಾಸದ ತಂಟೆಗೇ ಹೋಗುವುದಿಲ್ಲ. ಚಿನ್ನದ ಮಾತು ಬಿಡಿ. ನಾಲ್ಕನೇ ಶತಮಾನದಲ್ಲಿ, ಚಕ್ರವರ್ತಿ ಕಾನ್‌ಸ್ಟಂಟೈನ್ ಮತ್ತವನ ಮಕ್ಕಳ ಕಾಲದಲ್ಲಿ, ಸಾಮ್ರಾಜ್ಯದ ಹತ್ತಾರು ಟಂಕಸಾಲೆಗಳು ಕಂಚಿನ ಚಿಲ್ಲರೆಯನ್ನು ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದವು. ಅವು ಇಂದಿಗೂ ರಾಶಿರಾಶಿಯಾಗಿ ಉಳಿದಿವೆ, ಬೆಲೆಯೂ ಸಾಮಾನ್ಯರ ಕೈಗೆಟಕುವಂಥದ್ದು. ಹೊಸಬರು ಶುರು ಮಾಡಬೇಕಾದ್ದು ಇಲ್ಲಿಂದಲೇ.

ಮೊದಲ ನಾಣ್ಯವನ್ನು ಕೊಳ್ಳುವಾಗ ಮಣ್ಣು ಮೆತ್ತಿದ ಗುಡ್ಡೆ ಮಾಲಿನ ಆಸೆಗೆ ಬೀಳಬೇಡಿ. ತೂಕ, ವ್ಯಾಸ, ಎರಡೂ ಬದಿಯ ಫೋಟೊ, ಯಾವ ಅರಸನದು ಎಂಬ ವಿವರ, ಎಲ್ಲಕ್ಕಿಂತ ಮುಖ್ಯವಾಗಿ ಬಿಲ್ಲು ಕೊಡುವ ವ್ಯಾಪಾರಿಯಿಂದ ಒಂದೇ ಒಂದು ನಾಣ್ಯ ಕೊಳ್ಳಿ. ಗುರುತು ಗೊತ್ತಿರುವ ಒಂದನ್ನು ಚೆನ್ನಾಗಿ ಓದಲು ಕಲಿತರೆ ಗೊತ್ತಿಲ್ಲದ ಹತ್ತನ್ನು ಓದಬಹುದು. ಸಲಕರಣೆ ಹೆಚ್ಚೇನೂ ಬೇಡ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, 0.01 ಗ್ರಾಂವರೆಗೆ ತೂಗುವ ಪುಟ್ಟ ತಕ್ಕಡಿ, ವ್ಯಾಸ ಅಳೆಯಲು ಕ್ಯಾಲಿಪರ್, ಬೆಳಕನ್ನು ಓರೆಯಾಗಿ ಬೀಳಿಸಬಲ್ಲ ಒಂದು ಟೇಬಲ್ ಲ್ಯಾಂಪ್ ಸಾಕು. ಸವೆದ ಅಕ್ಷರ ನೇರ ಬೆಳಕಿನಲ್ಲಿ ಕಾಣುವುದಿಲ್ಲ, ಓರೆ ಬೆಳಕಿನ ನೆರಳಿನಲ್ಲಿ ಎದ್ದು ನಿಲ್ಲುತ್ತದೆ.

ಲೋಹ, ಗಾತ್ರ, ತಲೆ

ಗುರುತಿಸುವ ಕೆಲಸ ಅಕ್ಷರದಿಂದ ಶುರುವಾಗುವುದಿಲ್ಲ, ಲೋಹದಿಂದ ಶುರುವಾಗುತ್ತದೆ. ಮೂರೂವರೆ ಗ್ರಾಂ ಆಸುಪಾಸಿನ ಬೆಳ್ಳಿಯಾದರೆ ಬಹುತೇಕ ಅದು ಡಿನೇರಿಯಸ್. ಅಗಸ್ಟಸ್ ಕಾಲದಲ್ಲಿ ಇದರ ತೂಕ 3.9 ಗ್ರಾಂ ಇತ್ತು, ಕ್ರಿ.ಶ. 64ರಲ್ಲಿ ನೀರೊ ಅದನ್ನು 3.4ರ ಹತ್ತಿರಕ್ಕೆ ಇಳಿಸಿದ. ಅಂಗೈ ತುಂಬುವಂಥ, 25 ಗ್ರಾಂ ತೂಗುವ ಹಳದಿ ಲೋಹದ್ದು ಸೆಸ್ಟರ್ಶಿಯಸ್, ನಾಲ್ಕು ಸೆಸ್ಟರ್ಶಿಯಸ್‌ಗೆ ಒಂದು ಡಿನೇರಿಯಸ್. ಉಗುರಿನಷ್ಟಗಲದ ಕಂಚು ಹೆಚ್ಚಾಗಿ ನಾಲ್ಕನೇ ಶತಮಾನದ್ದು.

ಆಮೇಲೆ ತಲೆ ನೋಡಿ. ಲಾರೆಲ್ ಎಲೆಗಳ ಮಾಲೆ ಇದೆಯೋ, ಸೂರ್ಯಕಿರಣದಂತೆ ಮೊನಚು ಮೊನಚಾದ ಕಿರೀಟವೋ, ಮುತ್ತು ಪೋಣಿಸಿದ ಪಟ್ಟಿಯೋ? ಬೆಳ್ಳಿಯ ಮೇಲೆ ಕಿರಣದ ಕಿರೀಟ ಕಂಡರೆ ಅದು ಚಕ್ರವರ್ತಿ ಕ್ಯಾರಕಲ್ಲಾ 215ರಲ್ಲಿ ಹೊರಡಿಸಿದ ಹೊಸ ನಾಣ್ಯ ಅಥವಾ ಅದರ ನಂತರದ್ದು. ಮುತ್ತಿನ ಪಟ್ಟಿ ಕಂಡರೆ ನೀವು ಕಾನ್‌ಸ್ಟಂಟೈನ್‌ನ ಕೊನೆಯ ವರ್ಷಗಳಿಗೋ ಅದರ ಈಚೆಗೋ ಬಂದಿದ್ದೀರಿ. ಒಂದಕ್ಷರ ಓದದೆಯೇ ಶತಮಾನ ಗೊತ್ತಾಯಿತು.

ಈಗ ಅಕ್ಷರ

ಅಂಚಿನ ಸುತ್ತಲಿನ ಬರಹದಲ್ಲಿ ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ, ಎಲ್ಲವೂ ಸಂಕ್ಷಿಪ್ತ. ‘ಯು’ ಬರಬೇಕಾದ ಕಡೆ ‘ವಿ’ ಕೆತ್ತಿರುತ್ತಾರೆ. ‘ಇಂಪ್’ ಎಂದರೆ ಸೇನಾಧಿಪತಿ, ‘ಔಗ್’ ಎಂದರೆ ಅಗಸ್ಟಸ್, ಅಂದರೆ ಚಕ್ರವರ್ತಿಯ ಪದವಿ, ‘ಕಾಸ್’ ಎಂದರೆ ಕಾನ್ಸಲ್ ಎಂಬ ಹುದ್ದೆ, ‘ಪಿಎಂ’ ಎಂದರೆ ಪ್ರಧಾನ ಪುರೋಹಿತ. ‘ಟಿಆರ್ ಪಿ’ ಕಂಡರೆ ಹಿಗ್ಗಿ. ಟ್ರಿಬ್ಯೂನ್ ಅಧಿಕಾರವನ್ನು ಚಕ್ರವರ್ತಿಗೆ ವರ್ಷಕ್ಕೊಮ್ಮೆ ನವೀಕರಿಸುತ್ತಿದ್ದರು. ಮುಂದಿರುವ ಅಂಕಿ ಓದಲು ಸಿಕ್ಕರೆ ನಾಣ್ಯ ಯಾವ ವರ್ಷದ್ದೆಂದು ಹೇಳಬಹುದು.

ಒಂದು ಉದಾಹರಣೆ ಹಿಡಿಯೋಣ. ಕಂಚು, 17 ಮಿ.ಮೀ. ಹಿಂಬದಿಯಲ್ಲಿ ಈಟಿ ಹಿಡಿದು ಎದುರುಬದುರಾಗಿ ನಿಂತ ಇಬ್ಬರು ಸೈನಿಕರು, ನಡುವೆ ಎರಡು ಧ್ವಜದಂಡ. ಸುತ್ತ ‘ಗ್ಲೋರಿಯಾ ಎಕ್ಸರ್ಸಿಟಸ್’, ಅಂದರೆ ಸೈನ್ಯದ ಕೀರ್ತಿ. ಈ ಮಾದರಿ 330ರಲ್ಲಿ ಶುರುವಾಯಿತು. ದಂಡ ಎರಡಿದ್ದರೆ 330ರಿಂದ 335, ಒಂದೇ ಇದ್ದರೆ ಅದರ ನಂತರದ್ದು, ನಾಣ್ಯ ಹಗುರವೂ ಆಗಿರುತ್ತದೆ. ಮುಂಬದಿಯಲ್ಲಿ ‘ಕಾನ್‌ಸ್ಟಾ’ ಎಂಬಷ್ಟೇ ಉಳಿದಿದೆ ಎನ್ನಿ. ಅವಸರದಲ್ಲಿ ಕಾನ್‌ಸ್ಟಂಟೈನ್ ಎಂದು ಬರೆದುಕೊಳ್ಳಬೇಡಿ. ಅವನ ಮೂವರು ಮಕ್ಕಳ ಹೆಸರೂ ಹೀಗೇ ಶುರುವಾಗುತ್ತದೆ. ಬಿಡಿಸುವುದು ಬರಹದ ಬಾಲ. ‘ಮ್ಯಾಕ್ಸ್ ಔಗ್’ ಇದ್ದರೆ ತಂದೆ, ‘ಯೂನ್ ನೋಬ್ ಸಿ’ ಇದ್ದರೆ ಅದೇ ಹೆಸರಿನ ಮಗ. ಕೊನೆಗೆ ಸೈನಿಕರ ಕಾಲ ಕೆಳಗಿನ ಗೆರೆಯ ಅಡಿಯಲ್ಲಿ ‘ಎಸ್‌ಎಂಎಎನ್‌ಎ’ ಎಂದಿದೆ. ‘ಎಸ್‌ಎಂ’ ಎಂದರೆ ಪವಿತ್ರ ನಾಣ್ಯ, ‘ಎಎನ್’ ಎಂದರೆ ಆಂಟಿಯೋಕ್, ಕೊನೆಯ ‘ಎ’ ಅಲ್ಲಿನ ಒಂದನೇ ಕಾರ್ಯಾಗಾರ. ಅಂದಿನ ಸಿರಿಯಾದ ಆ ನಗರದ ಯಾವ ಕೊಠಡಿಯಲ್ಲಿ ಈ ತುಂಡಿಗೆ ಸುತ್ತಿಗೆ ಏಟು ಬಿತ್ತೆಂಬುದೂ ತಿಳಿಯಿತು. ಈ ಹವ್ಯಾಸದ ಸುಖವೆಲ್ಲ ಇರುವುದು ಇಲ್ಲಿಯೇ.

ಸಿಕ್ಕ ಸುಳಿವುಗಳನ್ನು ‘ರೋಮನ್ ಇಂಪೀರಿಯಲ್ ಕಾಯಿನೇಜ್’ ಸಂಪುಟಗಳೊಂದಿಗೆ ತಾಳೆ ನೋಡಬೇಕು. ದುಬಾರಿ ಪುಸ್ತಕಗಳು ಅವು. ಅವನ್ನೇ ಆಧರಿಸಿ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ರೂಪಿಸಿರುವ ‘ಓಕ್ರೆ’ ಎಂಬ ಆನ್‌ಲೈನ್ ಕೋಶ ಉಚಿತವಾಗಿದೆ. ಹಿಂಬದಿಯ ಬರಹದ ನಾಲ್ಕಾರು ಅಕ್ಷರ ಕೊಟ್ಟು ಹುಡುಕಿದರೂ ಪಟ್ಟಿ ಸಿಗುತ್ತದೆ.

ನಕಲಿಯ ಲಕ್ಷಣ

ಅಸಲಿ ನಾಣ್ಯ ಅಚ್ಚಿನ ನಡುವೆ ಏಟು ತಿಂದದ್ದು, ನಕಲಿ ಹೆಚ್ಚಾಗಿ ಎರಕ ಹೊಯ್ದದ್ದು. ಹಾಗಾಗಿ ಅಂಚನ್ನು ಮೊದಲು ನೋಡಿ: ಸುತ್ತಲೂ ಬೆಸುಗೆಯಂಥ ಗೆರೆ ಅಥವಾ ಅದನ್ನು ಅರದಿಂದ ಉಜ್ಜಿದ ಗುರುತು ಇದ್ದರೆ ಬಿಟ್ಟುಬಿಡಿ. ಮೈಮೇಲೆ ಗಾಳಿಗುಳ್ಳೆಯ ಸಣ್ಣ ಕುಳಿಗಳು, ಸವೆದ ಸೋಪಿನಂತೆ ಮೊಂಡಾದ ಅಕ್ಷರ, ತಾಳೆಯಾಗದ ತೂಕ, ಇವೆಲ್ಲ ಎಚ್ಚರಿಕೆ. ಎರಡು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಗೀರು ಕಂಡರೆ ಎರಡನ್ನೂ ನಂಬಬೇಡಿ. ಬೆಳ್ಳಿಯ ಕೆಳಗೆ ತಾಮ್ರ ಇಣುಕಿದರೆ ಮಾತ್ರ ತಾಳ್ಮೆಯಿಂದ ನೋಡಿ. ರೋಮನ್ನರ ಕಾಲದಲ್ಲೇ ಬೆಳ್ಳಿ ಹೊದಿಸಿದ ಖೋಟಾ ನಾಣ್ಯಗಳಿದ್ದವು, ಅವೂ ಸಂಗ್ರಹಯೋಗ್ಯವೇ.

ಭಾರತದಲ್ಲಿ ಸಿಗುವ ರೋಮನ್ ನಾಣ್ಯಗಳದ್ದು ಬೇರೆಯೇ ಲಕ್ಷಣ. ಬೆಳ್ಳಿಯಲ್ಲಿ ಅಗಸ್ಟಸ್ ಮತ್ತು ಟೈಬೀರಿಯಸ್‌ನವೇ ಹೆಚ್ಚು. ಟೈಬೀರಿಯಸ್‌ನ ನಾಣ್ಯದ ಹಿಂಬದಿಯಲ್ಲಿ ರಾಜದಂಡ, ರೆಂಬೆ ಹಿಡಿದು ಕೂತ ಹೆಂಗಸು, ‘ಪಾಂಟಿಫ್ ಮ್ಯಾಕ್ಸಿಮ್’ ಬರಹ. 1891ರಲ್ಲಿ ಯಶವಂತಪುರದಲ್ಲಿ ಸಿಕ್ಕ 163 ಬೆಳ್ಳಿ ನಾಣ್ಯಗಳಲ್ಲೂ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಈ ಅರಸರಿದ್ದಾರೆ. 1898ರ ಪುದುಕೋಟೆಯ 501 ಚಿನ್ನದ ನಾಣ್ಯಗಳಲ್ಲಿ ಬಹಳಷ್ಟಕ್ಕೆ ಅರಸನ ಮುಖದ ಮೇಲೆ ಉಳಿಯ ಗೀರಿದೆ. ಅದು ಹಾಳಾದ ನಾಣ್ಯವಲ್ಲ, ಇಲ್ಲಿಯ ಕೈ ಹಾಕಿದ ಗುರುತು. ಅರ್ಥವಿಲ್ಲದ ಅಕ್ಷರ ಜೋಡಿಸಿ ಇಲ್ಲಿಯವರೇ ಮಾಡಿದ ಅನುಕರಣೆಗಳೂ ಉಂಟು. ಬರಹ ಓದಲಾಗಲಿಲ್ಲವೆಂದು ಅಂಥದ್ದನ್ನು ಆಧುನಿಕ ನಕಲಿ ಎಂದು ಎಸೆಯಬಾರದು.

ತೊಳೆಯುವ ಮುನ್ನ

ಹಿತ್ತಾಳೆ ಪಾತ್ರೆಯ ಅಭ್ಯಾಸದಲ್ಲಿ ಹುಣಸೆಹಣ್ಣು, ನಿಂಬೆರಸ ಮುಟ್ಟಿಸಲೇಬೇಡಿ. ಕಂಚಿನ ಮೇಲಿನ ಹಸಿರು-ಕಂದು ಪದರವೇ ಅಕ್ಷರಗಳನ್ನು ಉಳಿಸಿರುವುದು. ಮಣ್ಣು ಬಿಡಿಸಲು ಡಿಸ್ಟಿಲ್ಡ್ ನೀರಿನಲ್ಲಿ ದಿನಗಟ್ಟಲೆ ನೆನೆಹಾಕಿ, ಮೃದುವಾದ ಬ್ರಷ್ಷಿನಿಂದ ತಟ್ಟಿದರೆ ಸಾಕು. ಮುಟ್ಟಿದರೆ ಉದುರುವ ತಿಳಿಹಸಿರು ಪುಡಿ ಕಂಡರೆ ಅದು ಕಂಚಿನ ರೋಗ. ತಕ್ಷಣ ಉಳಿದವುಗಳಿಂದ ಬೇರೆ ಮಾಡಿ, ತೇವ ತಾಗದಂತೆ ಇಡಿ. ನಮ್ಮ ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇರಲೇಬೇಕು. ಪಿವಿಸಿ ಆಲ್ಬಂ ಬೇಡ, ಅದು ಲೋಹವನ್ನು ತಿನ್ನುತ್ತದೆ. ಆಮ್ಲರಹಿತ ಕಾಗದದ ಕವರು ಒಳ್ಳೆಯದು. ತೂಕ, ವ್ಯಾಸ, ಗುರುತು, ಯಾರಿಂದ ಯಾವಾಗ ಕೊಂಡದ್ದು ಎಂಬುದನ್ನು ಅದರ ಮೇಲೇ ಬರೆದು, ಬಿಲ್ಲನ್ನು ಜೊತೆಗಿಡಿ.

ನೂರು ವರ್ಷ ದಾಟಿದ ನಾಣ್ಯಗಳು 1972ರ ಪ್ರಾಚೀನ ವಸ್ತುಗಳ ಕಾಯ್ದೆಯಡಿ ಬರುತ್ತವೆ. ದೇಶದಿಂದ ಹೊರಗೆ ಕಳಿಸುವಂತಿಲ್ಲ, ಪರವಾನಗಿ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ. ಹೊಲ ಉಳುವಾಗಲೋ ಪಾಯ ತೋಡುವಾಗಲೋ ಸಿಕ್ಕದ್ದು ಸಂಗ್ರಹಕ್ಕೆ ಸೇರುವ ವಸ್ತುವೇ ಅಲ್ಲ, ಜಿಲ್ಲಾಧಿಕಾರಿಗೆ ತಿಳಿಸಬೇಕು. ಅಲ್ಲಿಯವರೆಗೆ ನಾಣ್ಯ ತೊಳೆಯಬೇಡಿ, ಹಂಚಿಕೊಳ್ಳಬೇಡಿ, ಅದಿದ್ದ ಮಡಕೆಯ ಚೂರನ್ನೂ ಸುತ್ತಲಿನ ಮಣ್ಣನ್ನೂ ಕದಲಿಸಬೇಡಿ. ಯಾವ ಆಳದಲ್ಲಿ, ಯಾವುದರ ಪಕ್ಕದಲ್ಲಿ ಇತ್ತೆಂದು ಫೋಟೊ ತೆಗೆದಿಡಿ. ನಾಣ್ಯದ ಮೇಲೆ ಬರೆಯದ ವಿಷಯ ಅಲ್ಲಿರುತ್ತದೆ.