ಭೀಮನ ಬಾಗಿಲು

ಕೋಟೆಯ ಗೋಡೆ ಎಷ್ಟೇ ದಪ್ಪವಾಗಿರಲಿ, ಬಾಗಿಲಿನ ಬಳಿ ಅದು ಬಾಯಿ ತೆರೆಯಲೇಬೇಕು. ಊರಿನ ಜನ, ದನ, ಗಾಡಿಗಳಿಗೆ ದಾರಿ ಬೇಕು. ಶತ್ರುವಿಗೆ ಮಾತ್ರ ಇರಬಾರದು. ವಿಜಯನಗರದ ಶಿಲ್ಪಿಗಳು ಈ ತೊಡಕನ್ನು ಹೇಗೆ ಬಿಡಿಸಿದರೆಂಬುದನ್ನು ಹಂಪೆಯ ಭೀಮನ ಬಾಗಿಲಿನಲ್ಲಿ ನೋಡೋಣ. ಭೀಮನು ಕೀಚಕನನ್ನು ಕೊಲ್ಲುವ ಶಿಲ್ಪವು ಇಲ್ಲಿರುವುದರಿಂದ ಹೆಸರೂ ಒಪ್ಪುವಂತಿದೆ.

ಒಳದಾರಿ ನೇರವಾಗಿಲ್ಲ. ಎದುರಿಗೆ ಗೋಡೆ ಅಡ್ಡ ಬರುತ್ತದೆ. ತಿರುಗಿಕೊಂಡೇ ಒಳಗೆ ಹೋಗಬೇಕು. ಏಕೆ? ಆ ಕಾಲದಲ್ಲಿ ಕದ ಮುರಿಯಲು ಆನೆಗಳನ್ನು ನುಗ್ಗಿಸುತ್ತಿದ್ದರು. 4,000 ಕಿಲೋಗ್ರಾಂ ತೂಕದ ಆನೆಯೊಂದು ಸೆಕೆಂಡಿಗೆ 5 ಮೀಟರ್ ವೇಗದಿಂದ ಓಡಿಬಂದಿತೆಂದು ಇಟ್ಟುಕೊಳ್ಳೋಣ. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಚಲನಶಕ್ತಿ ದೊರೆಯುತ್ತದೆ: 50,000 ಜೌಲ್. ತಿರುವಿನಲ್ಲಿ ವೇಗವು 1.25 ಮೀಟರಿಗೆ ಇಳಿದರೆ ಶಕ್ತಿಯು ಕಾಲು ಪಾಲಾಗುವುದಿಲ್ಲ, ಹದಿನಾರರಲ್ಲಿ ಒಂದು ಪಾಲಾಗುತ್ತದೆ. ಎಂದರೆ 3,125 ಜೌಲ್ ಮಾತ್ರ. ಕದಕ್ಕೆ ಕಬ್ಬಿಣ ಬಿಗಿಯುವುದಕ್ಕಿಂತ ಇದು ಜಾಣತನದ ಉಪಾಯವೆಂದು ನನಗೆ ತೋರುತ್ತದೆ.

1443ರಲ್ಲಿ ಇಲ್ಲಿಗೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ನಗರಕ್ಕೆ ಒಂದರೊಳಗೊಂದಾಗಿ ಏಳು ಕೋಟೆಗಳಿದ್ದುವೆಂದು ಬರೆದನು. ಆದರೆ 1565ರಲ್ಲಿ ಸೋಲು ಬಂದುದು ಈ ಬಾಗಿಲುಗಳಲ್ಲಲ್ಲ, ದೂರದ ರಕ್ಕಸತಂಗಡಿಯ ಯುದ್ಧದಲ್ಲಿ. ಅನಂತರ ತಿರುಮಲನು ಪೆನುಕೊಂಡೆಗೆ ಹೊರಟುಹೋದನು. ಬಾಗಿಲು ಕಾಯುವವರೇ ಉಳಿಯಲಿಲ್ಲ.

ಇನ್ನು ಬಾಗಿಲಿನ ತಲೆಯ ಕಡೆ ನೋಡೋಣ. ಅಲ್ಲಿ ಕಮಾನಿಲ್ಲ. ಎರಡು ಪಕ್ಕಗಳಿಂದಲೂ ಬೋದಿಗೆಯ ಕಲ್ಲುಗಳು ಒಂದರ ಮೇಲೊಂದು ಮುಂಚಾಚಿ ಅಡ್ಡತೊಲೆಯನ್ನು ಹೊತ್ತಿವೆ. ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2,700 ಕಿಲೋಗ್ರಾಂ ತೂಗುತ್ತದೆ. ಇಂತಹ ತೊಲೆಯು ತನ್ನ ಭಾರದಿಂದಲೇ ಬಾಗಲು ಯತ್ನಿಸಿದಾಗ ಮೇಲ್ಮೈ ಒತ್ತಿಗೂ ತಳಭಾಗವು ಎಳೆತಕ್ಕೂ ಸಿಕ್ಕುತ್ತದೆ. ಕಲ್ಲು ಒತ್ತನ್ನು ಚೆನ್ನಾಗಿ ತಾಳಬಲ್ಲುದು. ಎಳೆತವನ್ನು ತಾಳುವ ಬಲವು ಅದರ ಹತ್ತರಲ್ಲೊಂದು ಪಾಲು, ಕೆಲವೊಮ್ಮೆ ಇನ್ನೂ ಕಡಿಮೆ. ಆದುದರಿಂದ ಬಿರುಕು ತಳದಿಂದಲೇ ಮೊದಲಾಗುತ್ತದೆ. ತೊಲೆಯ ಗಾತ್ರ ಬದಲಾಗದಿದ್ದರೆ ಈ ಎಳೆತವು ಆಧಾರಗಳ ನಡುವಣ ಅಂತರದ ವರ್ಗದಂತೆ ಹೆಚ್ಚುತ್ತದೆ. ಬೋದಿಗೆಗಳು ಅಂತರವನ್ನು ಮೂರರಲ್ಲಿ ಎರಡು ಪಾಲಿಗೆ ಇಳಿಸಿದರೆ ಎಳೆತವು ಒಂಬತ್ತರಲ್ಲಿ ನಾಲ್ಕು ಪಾಲಿಗೆ, ಎಂದರೆ ಅರ್ಧಕ್ಕಿಂತಲೂ ಕೆಳಗೆ ಇಳಿಯುತ್ತದೆ. ಆನೆಯ ಲೆಕ್ಕದಲ್ಲಿ ಬಂದ ವರ್ಗದ ನಿಯಮವೇ ಇಲ್ಲಿಯೂ ಬಂದುದನ್ನು ಗಮನಿಸಿರಿ.

ಇದೇ ನಗರದಲ್ಲಿ ಗುಮ್ಮಟದ ಬಾಗಿಲೊಂದುಂಟು. ಅದನ್ನು ಕಮಾನುಗಳು ಹೊತ್ತಿವೆ. ಕಮಾನಿನ ಕಲ್ಲುಗಳು ಒಂದನ್ನೊಂದು ಒತ್ತುವುದರಿಂದ ಎಳೆತದ ಭಯ ಬಹುಮಟ್ಟಿಗೆ ಇಲ್ಲ. ಆದರೆ ಅವು ಪಕ್ಕದ ಗೋಡೆಗಳನ್ನು ಹೊರಕ್ಕೆ ತಳ್ಳುತ್ತವೆ. ಹಂಪೆಗೆ ಹೋಗುವ ವಿದ್ಯಾರ್ಥಿಗಳು ಅದರ ಕಂಬಗಳು ಎಷ್ಟು ದಪ್ಪವಾಗಿವೆಯೆಂಬುದನ್ನು ಅಳೆದು ನೋಡಬಹುದು.